ಮೈ ಹಳೆಯದಿರಲಿ, ನರ ಹೊಸದಿರಲಿ

ಮನೆಯ ಗ್ಯಾರೇಜಿಗೆ ಹಳೆ ಕಾಲದ ದೀಪ ಹಾಕುವ ವಿಷಯಕ್ಕೆ ಇಷ್ಟೊಂದು ಜನ ಬರೆಯುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ. ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಪಾಲು ಪಾಲಿಶ್, ಪೇಂಟ್, ಹೊಳಪು ಇವುಗಳದ್ದೇ. ವೈರ್ ಬಗ್ಗೆ ಕೇಳಿದವರು ಒಬ್ಬರೇ ಒಬ್ಬರು. ಅವರೂ ‘ಬದಲಿಸಬೇಕಾಗಿಲ್ಲ ಅಲ್ವಾ’ ಅಂತ ಕೇಳಿದ್ದಾರೆ! ಹಾಗಾಗಿ ಅವರಿಂದಲೇ ಶುರು ಮಾಡುತ್ತೇನೆ.

ಪ್ರಶ್ನೆ: ತಾತನ ಕಾಲದ ಒಂದು ತೂಗುದೀಪ ಇದೆ ಸರ್. ಬಟ್ಟೆ ಹೆಣೆದ ವೈರ್. ಪ್ಲಗ್ ಹಾಕಿದರೆ ಈಗಲೂ ಉರಿಯುತ್ತದೆ, ಮಲ್ಟಿಮೀಟರ್ ಹಿಡಿದು ನೋಡಿದೆ, ಎಲ್ಲ ಸರಿಯಾಗಿದೆ. ವೈರ್ ಹಾಗೇ ಬಿಟ್ಟು ಮೇಲೆ ಮಾತ್ರ ಪಾಲಿಶ್ ಮಾಡಿ ಹಾಕಬಹುದಲ್ವಾ?

ಉತ್ತರ: ಬೇಡ. ದೀಪ ಉರಿಯಿತು ಅಂದರೆ ತಾಮ್ರ ತುಂಡಾಗಿಲ್ಲ ಅಂತ ಮಾತ್ರ. ಅದರ ಮೇಲಿನ ರಬ್ಬರ್ ಹೇಗಿದೆ ಅಂತ ದೀಪ ಹೇಳುವುದಿಲ್ಲ. ಮಲ್ಟಿಮೀಟರೂ ಹೇಳುವುದಿಲ್ಲ, ಅದು ನೋಡುವುದು ಒಂದು ಪುಟ್ಟ ಬ್ಯಾಟರಿಯ ಬಲದಲ್ಲಿ.

ಒಂದು ಕೆಲಸ ಮಾಡಿ. ಪ್ಲಗ್ ಕಿತ್ತು, ಹೋಲ್ಡರ್ ಬಿಚ್ಚಿ, ಸ್ಕ್ರೂಗೆ ಸೇರುವ ಕೊನೆಯ ಎರಡು ಇಂಚು ವೈರನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಬಗ್ಗಿಸಿ. ಹಳೆ ರಬ್ಬರ್ ಆಗಿದ್ದರೆ ಬಗ್ಗುವುದೇ ಇಲ್ಲ, ಟಕ್ ಅಂತ ಸೀಳುತ್ತದೆ, ಕರಿ ಚೂರುಗಳು ಅಂಗೈಗೆ ಉದುರುತ್ತವೆ. ಬಲ್ಬಿನ ಬಿಸಿ ವರ್ಷಗಟ್ಟಲೆ ತಗುಲಿದ ಜಾಗ ಅದು. ಹೊರಗಿನ ಬಟ್ಟೆ ಮಾತ್ರ ತನಗೇನೂ ಗೊತ್ತಿಲ್ಲ ಅನ್ನುವ ಹಾಗೆ ನೀಟಾಗಿ ಕೂತಿರುತ್ತದೆ.

ಈ ಬಟ್ಟೆಗೆ ನಾನೂ ಒಮ್ಮೆ ಮೋಸ ಹೋಗಿದ್ದೇನೆ. ಒಂದು ಹಿತ್ತಾಳೆ ಗೋಡೆದೀಪವನ್ನು ಮೂರು ದಿನ ಉಜ್ಜಿ ಕನ್ನಡಿ ಮಾಡಿದ್ದೆ, ವೈರ್ ಮಾತ್ರ ಮುಟ್ಟಿರಲಿಲ್ಲ, ಉರಿಯುತ್ತಿದೆಯಲ್ಲ ಅಂತ ಸೋಮಾರಿತನ. ಒಂದು ದಿನ ಒದ್ದೆ ಕಾಲಲ್ಲಿ ನಿಂತು ಅದರ ಶೇಡ್ ತಿರುಗಿಸಲು ಹೋದೆ, ಮೊಣಕೈವರೆಗೆ ಜುಮ್ ಅಂದಿತು. ಬಿಚ್ಚಿ ನೋಡಿದರೆ ಕೊಳವೆಯ ಬಾಯಿಯಲ್ಲಿ, ಬಟ್ಟೆಯ ಒಳಗೇ, ರಬ್ಬರ್ ಪುಡಿಯಾಗಿ ತಾಮ್ರದ ಒಂದೆಳೆ ಹಿತ್ತಾಳೆಗೆ ತಾಗಿಕೊಂಡಿತ್ತು. ಆ ದೀಪಕ್ಕೆ ಅರ್ಥಿಂಗ್ ಇರಲಿಲ್ಲ. ಇದ್ದಿದ್ದರೆ ನನ್ನ ಕೈಗಿಂತ ಮೊದಲು ಫ್ಯೂಸ್‌ಗೆ ಗೊತ್ತಾಗುತ್ತಿತ್ತು.

ಹಳೆ ವೈರ್ ತೆಗೆಯುವಾಗ ಒಳಗಿನ ಎಳೆ ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ ಅಂತ ಎಸೆದುಬಿಡಬೇಡಿ. ಚಾಕುವಿನಿಂದ ಒಂದು ಗೀರು ಹಾಕಿ, ಕೆಳಗೆ ಕೆಂಪು ತಾಮ್ರ ಕಾಣುತ್ತದೆ. ಆ ರಬ್ಬರಿನಲ್ಲಿ ಗಂಧಕ ಇರುತ್ತಿತ್ತು, ಅದು ತಾಮ್ರವನ್ನು ತಿನ್ನುತ್ತದೆ, ಅದಕ್ಕೇ ತಾಮ್ರಕ್ಕೆ ತವರದ ಲೇಪ ಕೊಡುತ್ತಿದ್ದರು. ಆಗಿನವರು ಕೆಲಸ ಬಲ್ಲವರೇ. ರಬ್ಬರಿಗೆ ಮಾತ್ರ ಆಯಸ್ಸು ಕಮ್ಮಿ. ಆದರೆ ರಬ್ಬರ್ ಬದಲು ಬಿಳಿ ಹತ್ತಿ ಎಳೆಯಂಥ ನಾರು ಸುತ್ತಿದ್ದರೆ ಕೈ ಹಿಂದಕ್ಕೆ ತೆಗೆಯಿರಿ. ಬಿಸಿ ತಡೆಯಲು ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಹಾಕುತ್ತಿದ್ದ ಕಾಲದ ವೈರ್ ಅದು ಇರಬಹುದು. ಒಣಗಿದ್ದಾಗ ಕೆರೆಯಬೇಡಿ, ಎಳೆಯಬೇಡಿ. ಆ ಕೆಲಸ ತಿಳಿದವರಿಗೆ ಬಿಡಿ.

ಹೊಸ ವೈರ್ ಹಾಕಿದರೆ ಅಂದ ಕೆಡುತ್ತದೆ ಅನ್ನುವ ಭಯ ಬೇಡ. ಹೊರಗೆ ಬಟ್ಟೆ ಹೆಣಿಗೆ, ಒಳಗೆ ಹೊಸ ಪಿವಿಸಿ ಇರುವ ವೈರ್ ಈಗಲೂ ತಯಾರಾಗುತ್ತದೆ. ಒಂದು ಬಲ್ಬಿನ ದೀಪಕ್ಕೆ 0.75 ಚದರ ಮಿಲಿಮೀಟರ್ ತಾಮ್ರ ಧಾರಾಳ. ಶೇಡ್ ಒಳಗೆ ಬಿಸಿ ಜಾಸ್ತಿ ಇದ್ದರೆ ಸಿಲಿಕಾನ್ ವೈರ್ ಹಾಕಿ, ಸಾಮಾನ್ಯ ಪಿವಿಸಿ 70 ಡಿಗ್ರಿವರೆಗೆ ತಡೆದರೆ ಸಿಲಿಕಾನ್ 180 ಡಿಗ್ರಿ ತಡೆಯುತ್ತದೆ. ತಗಡಿನ ತೂತಿನಲ್ಲಿ ವೈರ್ ಹಾಯುವ ಕಡೆ ರಬ್ಬರ್ ಬುಷ್ ಬೇಕೇ ಬೇಕು. ಹೋಲ್ಡರ್ ಒಳಗೆ ವೈರಿಗೆ ಒಂದು ಗಂಟು ಹಾಕಿ, ಆಗ ಯಾರಾದರೂ ಎಳೆದರೆ ಭಾರ ಗಂಟಿನ ಮೇಲೆ ಬೀಳುತ್ತದೆ, ಸ್ಕ್ರೂ ಮೇಲೆ ಅಲ್ಲ. ತಿರುಪು ಬಲ್ಬಿನ ಹೋಲ್ಡರ್ ಆದರೆ ಫೇಸ್ ನಡುವಿನ ಚುಕ್ಕೆಗೆ, ನ್ಯೂಟ್ರಲ್ ಸುತ್ತಲಿನ ತಿರುಪಿಗೆ. ಅದಲುಬದಲಾದರೂ ಬಲ್ಬ್ ಚೆನ್ನಾಗಿಯೇ ಉರಿಯುತ್ತದೆ, ಆದರೆ ಬಲ್ಬ್ ಬದಲಿಸುವಾಗ ನಿಮ್ಮ ಬೆರಳು ತಾಗುವುದು ಆ ತಿರುಪಿಗೇ. ಎರಡು ಪಿನ್ನಿನ ಹೋಲ್ಡರಿಗೆ ಈ ತಲೆನೋವಿಲ್ಲ.

ಕೊನೆಗೆ ಅರ್ಥಿಂಗ್. ಹಳೆ ದೀಪಗಳಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ, ನಾವೇ ಮಾಡಬೇಕು. ಒಳಗಡೆ, ಕಾಣದ ಕಡೆ, ಒಂದು ನಾಣ್ಯದಷ್ಟು ಜಾಗದಲ್ಲಿ ಬಣ್ಣ ಕೆರೆದು ಲೋಹ ತೋರುವ ಹಾಗೆ ಮಾಡಿ, ಹಲ್ಲಿರುವ ವಾಷರ್ ಹಾಕಿ, ಅರ್ಥ್ ವೈರಿನ ಲಗ್ ಬಿಗಿಯಿರಿ. ಎಲ್ಲ ಮುಗಿದ ಮೇಲೆ ಎಲೆಕ್ಟ್ರಿಷಿಯನ್ ಹತ್ತಿರ 500 ವೋಲ್ಟಿನ ಮೆಗ್ಗರ್ (ವೈರಿನ ಹೊದಿಕೆ ಕರೆಂಟನ್ನು ಎಷ್ಟು ತಡೆಯುತ್ತದೆ ಅಂತ ಅಳೆಯುವ ಮೀಟರ್) ಇದ್ದರೆ ಒಮ್ಮೆ ಹಿಡಿಸಿ. ವೈರಿಗೂ ದೀಪದ ಮೈಗೂ ನಡುವೆ 1 ಮೆಗಾ ಓಮ್‌ಗಿಂತ ಕಮ್ಮಿ ತೋರಿದರೆ ಆ ದೀಪ ಇನ್ನೂ ಮೇಲೆ ಹತ್ತುವ ಹಾಗಿಲ್ಲ. ಮೆಗ್ಗರ್ ಹಿಡಿಯುವಾಗ ಎಲ್‌ಇಡಿ ಬಲ್ಬ್ ತೆಗೆದಿರಬೇಕು, ಇಲ್ಲದಿದ್ದರೆ ಬಲ್ಬ್ ಹೋಗಬಹುದು.

ಪ್ರಶ್ನೆ: ಮುಚ್ಚಿದ ಕಾರ್ಖಾನೆಯಿಂದ ನಾಲ್ಕು ದೊಡ್ಡ ಶೇಡ್ ಸಿಕ್ಕಿವೆ. ಹೊರಗೆ ಹಸಿರು, ಒಳಗೆ ಬಿಳಿ, ಗಾಜಿನ ಹಾಗೆ ನುಣುಪು. ಅಂಚಿನಲ್ಲಿ ಅಲ್ಲಲ್ಲಿ ಚಕ್ಕೆ ಎದ್ದು ತುಕ್ಕು ಹಿಡಿದಿದೆ. ಸ್ಯಾಂಡ್‌ಬ್ಲಾಸ್ಟ್ ಮಾಡಿಸಿ ಪೌಡರ್ ಕೋಟಿಂಗ್ ಮಾಡಿಸಲಾ?

ಉತ್ತರ: ದಯವಿಟ್ಟು ಬೇಡ. ಗಾಜಿನ ಹಾಗೆ ಅಂತ ಬರೆದಿದ್ದೀರಲ್ಲ, ಅದು ಗಾಜೇ. ಉಕ್ಕಿನ ತಗಡಿನ ಮೇಲೆ ಗಾಜಿನ ಪುಡಿ ಲೇಪಿಸಿ, 800 ಡಿಗ್ರಿ ಆಸುಪಾಸಿನ ಕುಲುಮೆಯಲ್ಲಿ ಕರಗಿಸಿ ಅಂಟಿಸಿದ್ದು. ಎನಾಮೆಲ್ ಅಂತ ಡಬ್ಬಿಯಲ್ಲಿ ಬರುವ ಪೇಂಟಿಗೂ ಇದಕ್ಕೂ ಹೆಸರು ಬಿಟ್ಟರೆ ಸಂಬಂಧ ಇಲ್ಲ. ಹೊಗೆ, ಎಣ್ಣೆ, ಬಿಸಿ ಎಲ್ಲ ತಡೆದು ಇಷ್ಟು ವರ್ಷ ಬಣ್ಣ ಮಾಸದೆ ಇರುವುದಕ್ಕೆ ಅದೇ ಕಾರಣ. ಬ್ಲಾಸ್ಟ್ ಮಾಡಿಸಿದರೆ ನೀವು ತೆಗೆಸುವುದು ಕೊಳೆಯನ್ನಲ್ಲ, ಆ ಶೇಡಿನ ಜೀವವನ್ನೇ.

ಮೊದಲು ಹೋಲ್ಡರ್, ವೈರ್ ಎಲ್ಲ ಬಿಚ್ಚಿಡಿ. ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು, ಮೆತ್ತನೆ ಸ್ಪಂಜು, ಇಷ್ಟೇ. ಎಣ್ಣೆ ಜಿಡ್ಡು ಹೋಗದಿದ್ದರೆ ಸ್ವಲ್ಪ ವಾಷಿಂಗ್ ಸೋಡಾ. ತಂತಿ ಬ್ರಷ್ಷು, ಉಕ್ಕಿನ ಉಜ್ಜುನಾರು ನುಣುಪಿನ ಮೇಲೆ ಬೇಡ, ಒಮ್ಮೆ ಗೀರು ಬಿದ್ದರೆ ಆಮೇಲೆ ಕೊಳೆ ಕೂರುವುದು ಅಲ್ಲೇ. ಹೆಚ್ಚಿನ ಸಲ ಇಷ್ಟಕ್ಕೇ ಅರ್ಧ ಕೆಲಸ ಮುಗಿದಿರುತ್ತದೆ. ಕಂದು ಬಣ್ಣದ ನೀರು ಇಳಿದುಹೋಗಿ ಕೆಳಗಿನ ಬಿಳಿ ಮೊದಲ ಸಲ ಕಾಣುವ ಆ ಗಳಿಗೆ ಇದೆಯಲ್ಲ, ಈ ಕೆಲಸ ಮಾಡುವವರೆಲ್ಲ ಅದಕ್ಕಾಗಿಯೇ ಮಾಡುತ್ತಾರೆ ಅಂತ ನನ್ನ ಗುಮಾನಿ.

ಚಕ್ಕೆ ಎದ್ದ ಜಾಗಕ್ಕೆ ಮಾತ್ರ ಬೇರೆ ಚಿಕಿತ್ಸೆ. ತುಕ್ಕನ್ನು ಸಣ್ಣ ಎಮರಿ ಪೇಪರಿನಿಂದ, ಚಕ್ಕೆಯ ಗಡಿ ದಾಟದ ಹಾಗೆ ಉಜ್ಜಿ. ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲ ಇರುವ ರಸ್ಟ್ ಕನ್ವರ್ಟರನ್ನು ಬೆಂಕಿಕಡ್ಡಿ ತುದಿಗೆ ಹತ್ತಿ ಸುತ್ತಿ ಹಚ್ಚಿ. ಸುತ್ತಲಿನ ಎನಾಮೆಲ್ ಮೇಲೆ ಹರಿದರೆ ತಕ್ಷಣ ಒರೆಸಿ, ಬಿಟ್ಟರೆ ಹೊಳಪು ಮಂಕಾಗುತ್ತದೆ. ಒಣಗಿದ ಮೇಲೆ ಎರಡು ಭಾಗ ಬೆರೆಸುವ ಎಪಾಕ್ಸಿ ಪೇಂಟನ್ನು ತೆಳ್ಳಗೆ ಎರಡು ಮೂರು ಸಲ. ಬಣ್ಣ ನೂರಕ್ಕೆ ನೂರು ಹೊಂದುವುದಿಲ್ಲ. ಹೊಂದದಿದ್ದರೆ ಏನಂತೆ? ನಾನು ಹೊರಗಿನ ಗಾಯಗಳನ್ನು ಎಷ್ಟೋ ಸಲ ತುಕ್ಕು ನಿಲ್ಲಿಸಿ ಕರ್ರಗೆ ಹಾಗೇ ಬಿಟ್ಟಿದ್ದೇನೆ. ಒಳಗಿನ ಬಿಳಿಯನ್ನು ಮಾತ್ರ ಸರಿ ಮಾಡಿ, ಬೆಳಕನ್ನು ಕೆಳಗೆ ತಳ್ಳುವುದು ಅದೇ.

ಇನ್ನೊಂದು ವಿಷಯ. ಸೊಟ್ಟಗಾದ ಅಂಚನ್ನು ಸುತ್ತಿಗೆಯಲ್ಲಿ ನೆಟ್ಟಗೆ ಮಾಡಲು ಹೋಗಬೇಡಿ. ಉಕ್ಕು ಬಗ್ಗುತ್ತದೆ, ಗಾಜು ಬಗ್ಗುವುದಿಲ್ಲ. ಒಂದು ಏಟಿಗೆ ಅಂಗೈ ಅಗಲ ಎದ್ದು ಬರುತ್ತದೆ. ಶೇಡನ್ನು ಹೋಲ್ಡರಿಗೆ ಬಿಗಿಯುವಾಗಲೂ ಎರಡೂ ಕಡೆ ಫೈಬರ್ ವಾಷರ್ ಇರಲಿ.

ಪ್ರಶ್ನೆ: ಗ್ಯಾರೇಜಿನಲ್ಲಿ ಹಳೆಯ ಜೋಡಿ ಟ್ಯೂಬ್‌ಲೈಟ್ ಪಟ್ಟಿ ಇದೆ, ದಪ್ಪ ಟ್ಯೂಬುಗಳದ್ದು. ತಗಡು ಗಟ್ಟಿ, ನೋಡಲೂ ಚಂದ. ಆದರೆ ಗುಂಯ್ ಅಂತ ಸದ್ದು, ಹತ್ತಿಕೊಳ್ಳಲು ಹತ್ತು ಸಲ ಮಿಣುಕು. ಎಲ್‌ಇಡಿ ಟ್ಯೂಬ್ ಹಾಕಬಹುದಾ, ಅಥವಾ ಚೋಕ್ ರಿಪೇರಿ ಮಾಡಿಸಲಾ?

ಉತ್ತರ: ಟ್ಯೂಬ್‌ಲೈಟ್ ಮಾರುಕಟ್ಟೆಗೆ ಬಂದಿದ್ದು 1938ರಲ್ಲಿ. ನಿಮ್ಮ ದಪ್ಪ ಟ್ಯೂಬಿನ ಹೆಸರು ಟಿ12. ಆ ಅಂಕಿ ಇಂಚಿನ ಎಂಟನೇ ಭಾಗಗಳ ಲೆಕ್ಕ, ಹನ್ನೆರಡು ಭಾಗ ಅಂದರೆ ಒಂದೂವರೆ ಇಂಚು, 38 ಮಿಲಿಮೀಟರ್. ಆಮೇಲೆ ಬಂದ ಟಿ8 ಒಂದು ಇಂಚು. ಎರಡರ ಪಿನ್ನೂ ಒಂದೇ ಅಳತೆ, ಆದ್ದರಿಂದ ಹೋಲ್ಡರ್ ಗಟ್ಟಿ ಇದ್ದರೆ ಹೊಸ ಟ್ಯೂಬ್ ಕೂರುತ್ತದೆ.

ಗುಂಯ್ ಅನ್ನುವುದು ಚೋಕ್. ಅದರೊಳಗಿನ ಕಬ್ಬಿಣದ ಪದರಗಳು 50 ಹರ್ಟ್ಸ್ ಕರೆಂಟಿಗೆ ಸೆಕೆಂಡಿಗೆ 100 ಸಲ ನಡುಗುತ್ತವೆ, ತಗಡಿನ ಪಟ್ಟಿ ಅದಕ್ಕೆ ಧ್ವನಿವರ್ಧಕ ಆಗುತ್ತದೆ. ಚೋಕಿನ ಸ್ಕ್ರೂ ಬಿಗಿದು ಕೆಳಗೆ ರಬ್ಬರ್ ವಾಷರ್ ಕೊಟ್ಟರೆ ಅರ್ಧ ಸದ್ದು ನಿಲ್ಲುತ್ತದೆ. ಮಿಣುಕು ಬಹುಪಾಲು ಸ್ಟಾರ್ಟರಿನದ್ದು, ಇಲ್ಲವೇ ತುದಿ ಕಪ್ಪಾದ ಟ್ಯೂಬಿನದ್ದು. ಹಾಗಾಗಿ ರಿಪೇರಿ ಆಗುತ್ತದೆ. ಆದರೆ 40 ವಾಟಿನ ಒಂದು ಟ್ಯೂಬು, ಚೋಕ್ ತಿನ್ನುವುದೂ ಸೇರಿ ಸುಮಾರು 50 ವಾಟ್ ಎಳೆಯುತ್ತದೆ. 18ರಿಂದ 20 ವಾಟಿನ ಎಲ್‌ಇಡಿ ಟ್ಯೂಬ್ ಬೆಳಕನ್ನೆಲ್ಲ ಕೆಳಗೇ ಬಿಡುವುದರಿಂದ ಕೆಲಸದ ಜಾಗಕ್ಕೆ ಹೆಚ್ಚುಕಮ್ಮಿ ಅಷ್ಟೇ ಬೆಳಕು ಕೊಡುತ್ತದೆ. ನಾನಾದರೆ ಎಲ್‌ಇಡಿಯೇ ಹಾಕುತ್ತೇನೆ, ಚೋಕನ್ನೂ ಕಿತ್ತುಬಿಡುತ್ತೇನೆ.

ಕೊಳ್ಳುವ ಮೊದಲು ಟ್ಯೂಬಿನ ಮೇಲಿನ ಚಿತ್ರ ನೋಡಿ. ಕೆಲವಕ್ಕೆ ಫೇಸ್, ನ್ಯೂಟ್ರಲ್ ಎರಡೂ ಒಂದೇ ತುದಿಗೆ, ಕೆಲವಕ್ಕೆ ಒಂದೊಂದು ತುದಿಗೆ ಒಂದೊಂದು. ಒಂದರ ವೈರಿಂಗಿಗೆ ಇನ್ನೊಂದನ್ನು ಹಾಕಿದರೆ ಸುಮ್ನೆ ಉರಿಯದೇ ಇರಬಹುದು, ಠಪ್ ಅನ್ನಲೂಬಹುದು. ಒಂದೇ ತುದಿಯದ್ದು ನನಗೆ ಇಷ್ಟ, ಯಾಕೆಂದರೆ ಏಣಿ ಮೇಲೆ ನಿಂತು ಒಂದು ತುದಿ ಸಿಕ್ಕಿಸಿದಾಗ ಕೈಯಲ್ಲಿರುವ ಇನ್ನೊಂದು ತುದಿಯಲ್ಲಿ ಕರೆಂಟ್ ಇರಬಹುದೇನೋ ಅನ್ನುವ ಯೋಚನೆ ಇರುವುದಿಲ್ಲ. ಯಾವುದೇ ಹಾಕಿ, ಮೇನ್ ಆಫ್ ಮಾಡಿಯೇ ಹಾಕಿ. ಆಮೇಲೆ ಪಟ್ಟಿಯ ಒಳಗೆ ಅಳಿಸದ ಪೆನ್ನಿನಲ್ಲಿ ‘ಚೋಕ್ ತೆಗೆದಿದೆ, ಎಲ್‌ಇಡಿ ಮಾತ್ರ’ ಅಂತ ಬರೆಯಿರಿ. ಹತ್ತು ವರ್ಷದ ಮೇಲೆ ಯಾರೋ ಹಳೆ ಟ್ಯೂಬ್ ಸಿಕ್ಕಿಸಲು ಬರುತ್ತಾರೆ, ಅದು ನೀವೇ ಆಗಿರಬಹುದು.

ಕಿತ್ತದ್ದನ್ನು ಎಸೆಯುವ ಮುಂಚೆ ಎರಡು ಮಾತು. ತುಂಬ ಹಳೆಯ ಚೋಕು, ಕೆಪಾಸಿಟರ್‌ಗಳ ಒಳಗೆ ಪಿಸಿಬಿ ಅನ್ನುವ ವಿಷದ ಎಣ್ಣೆ ಇರುತ್ತಿತ್ತು. ಅಮೆರಿಕ 1979ರಲ್ಲಿ ಅದರ ತಯಾರಿಕೆ ನಿಲ್ಲಿಸಿತು. ಡಬ್ಬಿಯಿಂದ ಜಿಗುಟು ಎಣ್ಣೆ ಸೋರಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ಟ್ಯೂಬಿನೊಳಗೆ ಕೆಲವು ಮಿಲಿಗ್ರಾಂ ಪಾದರಸ ಇರುತ್ತದೆ. ಒಡೆದರೆ ಬಾಗಿಲು ತೆರೆದು ಹತ್ತು ನಿಮಿಷ ಹೊರಗೆ ಬನ್ನಿ, ಆಮೇಲೆ ದಪ್ಪ ಕಾಗದದಲ್ಲಿ ಬಾಚಿ, ಅಂಟುಪಟ್ಟಿಯಲ್ಲಿ ಪುಡಿ ಒತ್ತಿ ತೆಗೆದು, ಮುಚ್ಚಳದ ಡಬ್ಬಿಗೆ ಹಾಕಿ. ವ್ಯಾಕ್ಯೂಮ್ ಕ್ಲೀನರ್ ಹಿಡಿದರೆ ಪಾದರಸವನ್ನು ಗಾಳಿಗೆ ಊದಿದ ಹಾಗೆ. ಎರಡನ್ನೂ ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಪ್ರಶ್ನೆ: ಇದೇ ಥರದ ಟ್ಯೂಬ್ ಕೆಳಗೆ ಪುಟ್ಟ ಲೇಥ್ ಇಟ್ಟಿದ್ದೇನೆ. ಒಂದೊಂದು ವೇಗದಲ್ಲಿ ಅದರ ಚಕ್ (ಕೆಲಸದ ತುಂಡನ್ನು ಹಿಡಿದು ತಿರುಗುವ ಭಾಗ) ತಿರುಗುತ್ತಲೇ ಇಲ್ಲ ಅನ್ನುವ ಹಾಗೆ ಕಾಣುತ್ತದೆ. ಕಣ್ಣಿನ ದೋಷವಾ?

ಉತ್ತರ: ಕಣ್ಣು ಸರಿ ಇದೆ, ಲೇಥ್ ನಿಲ್ಲಿಸಿ ಓದಿ. ಚೋಕ್ ಇರುವ ಟ್ಯೂಬು 50 ಹರ್ಟ್ಸ್ ಕರೆಂಟಿನಲ್ಲಿ ಸೆಕೆಂಡಿಗೆ 100 ಸಲ ಮಂಕಾಗಿ ಬೆಳಗುತ್ತದೆ. ಚಕ್ಕಿಗೆ ನಾಲ್ಕು ದವಡೆ ಇದ್ದು ನಿಮಿಷಕ್ಕೆ 1500 ಸುತ್ತು ತಿರುಗಿದರೆ, ಸೆಕೆಂಡಿಗೆ 25 ಸುತ್ತು. ಒಂದು ಸುತ್ತಿಗೆ ನಾಲ್ಕು ಮಿಂಚು. ಪ್ರತಿ ಮಿಂಚಿಗೂ ಒಂದು ದವಡೆಯ ಜಾಗಕ್ಕೆ ಇನ್ನೊಂದು ದವಡೆ ಬಂದು ನಿಂತಿರುತ್ತದೆ, ಕಣ್ಣಿಗೆ ಎಲ್ಲ ನಿಂತ ಹಾಗೆ. ಮೂರು ದವಡೆಯ ಚಕ್ಕಿಗೆ ಇದೇ ಆಟ 2000 ಸುತ್ತಿನಲ್ಲಿ. ನಿಂತಿದೆ ಅಂತ ಕೈ ಹಾಕಿ ಬೆರಳು ಕಳೆದುಕೊಳ್ಳುವ ಅಪಾಯ ನಿಜವಾದದ್ದು.

ಹಿಂದಿನವರಿಗೆ ಇದು ಗೊತ್ತಿತ್ತು. ಕೆಲವು ಜೋಡಿ ಟ್ಯೂಬ್ ಪಟ್ಟಿಗಳಲ್ಲಿ ಒಂದೇ ಟ್ಯೂಬಿನ ಚೋಕಿಗೆ ಸಾಲಾಗಿ ಕೆಪಾಸಿಟರ್ ಇಟ್ಟಿರುತ್ತಿದ್ದರು. ಆಗ ಒಂದು ಮಂಕಾಗುವಾಗ ಇನ್ನೊಂದು ಬೆಳಗುತ್ತದೆ. ಎಷ್ಟೋ ವರ್ಕ್‌ಶಾಪುಗಳಲ್ಲಿ ಯಂತ್ರದ ತಲೆ ಮೇಲೆ ಒಂದು ಹಳದಿ ಬಲ್ಬು ಬೇರೆ ಇರುತ್ತಿತ್ತು, ಅದರ ತಂತಿ ಅಷ್ಟು ಬೇಗ ತಣಿಯುವುದಿಲ್ಲವಾದ್ದರಿಂದ ಮಿಣುಕು ತೀರಾ ಕಮ್ಮಿ. ಈಗ ಮಿಣುಕದ ಡ್ರೈವರ್ (ದೀಪಕ್ಕೆ ಕರೆಂಟನ್ನು ಹದ ಮಾಡಿ ಕೊಡುವ ಭಾಗ) ಇರುವ ಎಲ್‌ಇಡಿ ಸಾಕು. ಎಲ್ಲ ಎಲ್‌ಇಡಿಯೂ ಹಾಗಿರುವುದಿಲ್ಲ. ಬೆಳಕಿನ ಕೆಳಗೆ ಪೆನ್ಸಿಲನ್ನು ಜೋರಾಗಿ ಆಡಿಸಿ ನೋಡಿ. ಒಂದೇ ಮಸುಕು ಬೀಸಣಿಗೆಯ ಹಾಗೆ ಕಂಡರೆ ಒಳ್ಳೆಯದು. ಹತ್ತು ಪೆನ್ಸಿಲ್ ಬಿಡಿಬಿಡಿಯಾಗಿ ಕಂಡರೆ ಆ ದೀಪ ಲೇಥ್ ಹತ್ತಿರ ಬೇಡ.

ಪ್ರಶ್ನೆ: ಮೂರೂವರೆ ಕಿಲೋ ತೂಗುವ ಶೇಡನ್ನು ಅದರ ವೈರಿನಲ್ಲೇ ನೇತುಹಾಕಬಹುದಾ?

ಉತ್ತರ: ಇಲ್ಲ. ಸರಪಳಿ ಅಥವಾ ಕೊಳವೆ ಭಾರ ಹೊರಲಿ, ವೈರ್ ಪಕ್ಕದಲ್ಲಿ ಸಡಿಲವಾಗಿ ಬರಲಿ. ಕೊಕ್ಕೆ ಕಾಂಕ್ರೀಟಿಗೋ ಮರದ ತೊಲೆಗೋ ಇಳಿದಿರಬೇಕು, ಫಾಲ್ಸ್ ಸೀಲಿಂಗಿಗೆ ಅಲ್ಲ.

ಪ್ರಶ್ನೆ: ಹಿತ್ತಾಳೆ ದೀಪ ಪೂರ್ತಿ ಕಪ್ಪಾಗಿದೆ, ಅಲ್ಲಲ್ಲಿ ಹಸಿರು ಕಿಲುಬು. ಅಮೋನಿಯಾದಲ್ಲಿ ರಾತ್ರಿಯಿಡೀ ನೆನೆಸಿದರೆ ಫಳಫಳ ಆಗುತ್ತದೆ ಅಂತ ಗೆಳೆಯರು ಹೇಳಿದರು. ಮಾಡಲಾ?

ಉತ್ತರ: ಮೊದಲು ಅಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಅದು ಹಿತ್ತಾಳೆ ಲೇಪದ ಉಕ್ಕು. ಜೋರಾಗಿ ಉಜ್ಜಿದರೆ ಲೇಪ ಹೋಗಿ ಬಿಳಿ ತಗಡು ಕಾಣುತ್ತದೆ, ವಾಪಸ್ ಬರುವುದಿಲ್ಲ. ಅಂಟದಿದ್ದರೆ ಮುಂದೆ ಓದಿ.

ಅಮೋನಿಯಾ ಬೇಡವೇ ಬೇಡ. ಬ್ರಿಟಿಷರ ಕಾಲದ ಭಾರತದಲ್ಲಿ ಸೈನ್ಯದ ಹಿತ್ತಾಳೆ ತೋಟಾಗಳು ಮಳೆಗಾಲದಲ್ಲಿ ಇಟ್ಟಲ್ಲೇ ಬಿರಿಯುತ್ತಿದ್ದವು. ಕಾರಣ ಖಚಿತವಾಗಿದ್ದು 1921ರಲ್ಲಿ: ಕುದುರೆ ಲಾಯದ ಗಂಜಳದಿಂದ ಏಳುವ ಅಮೋನಿಯಾ, ಎಳೆದು ರೂಪ ಕೊಟ್ಟ ತೆಳು ಹಿತ್ತಾಳೆಯಲ್ಲಿ ಉಳಿದಿದ್ದ ಬಿಗಿತದ ಜೊತೆ ಸೇರಿ ಅದನ್ನು ಸೀಳುತ್ತಿತ್ತು. ನಿಮ್ಮ ದೀಪದ ಬಟ್ಟಲೂ ಹಾಗೇ ಒತ್ತಿ ತಿರುಗಿಸಿ ಮಾಡಿದ ತೆಳು ತಗಡು. ಹುಳಿಯಲ್ಲಿ ತುಂಬ ಹೊತ್ತು ನೆನೆಸುವುದೂ ಬೇಡ. ಸತು ಕರಗಿ ತಾಮ್ರ ಉಳಿದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಅದನ್ನು ಮತ್ತೆ ಹಿತ್ತಾಳೆ ಬಣ್ಣಕ್ಕೆ ತರಲು ಮೂರುಪಟ್ಟು ಉಜ್ಜಬೇಕು.

ಹಳೆಯ ಮೆರುಗೆಣ್ಣೆ ಪದರ ಇದ್ದರೆ ಅಸಿಟೋನಿನಲ್ಲಿ ತೆಗೆಯಿರಿ, ಗಾಳಿ ಆಡುವ ಕಡೆ, ಬೆಂಕಿಯಿಂದ ದೂರ. ಆಮೇಲೆ ಹಿತ್ತಾಳೆ ಪಾಲಿಶ್, ಮೆತ್ತನೆ ಬಟ್ಟೆ, ತಾಳ್ಮೆ. ಹಸಿರು ಕಿಲುಬನ್ನು ಪೂರ್ತಿ ತೆಗೆಯಿರಿ, ಕಪ್ಪನ್ನು ಪೂರ್ತಿ ತೆಗೆಯಬೇಡಿ. ಕೆತ್ತನೆಯ ಸಂದಿಯಲ್ಲಿ ಒಂದಿಷ್ಟು ಕಪ್ಪು ಉಳಿದರೇನೇ ಉಬ್ಬು ಎದ್ದು ಕಾಣುವುದು. ಗ್ಯಾರೇಜಿನ ದೀಪ ಅದು, ಕೈಗೆ ಗ್ರೀಸ್ ಮೆತ್ತಿಕೊಂಡೇ ಸ್ವಿಚ್ ಹಾಕುತ್ತೀರಿ. ಚಿನ್ನದ ಹಾಗೆ ಹೊಳೆಯಲೇಬೇಕು ಅನ್ನುವ ಹಟ ಯಾಕೆ?

ಪ್ರಶ್ನೆ: ಕಬ್ಬಿಣದ ಗೋಡೆದೀಪದ ಮೇಲೆ ಐದಾರು ಪದರ ಪೇಂಟ್ ಇದೆ. ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ಹೊಡೆದುಬಿಡಲಾ?

ಉತ್ತರ: ಕೆಳಗಿನ ಪದರಗಳಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಗ್ರೈಂಡರ್ ಹಿಡಿದರೆ ಆ ಧೂಳು ಗ್ಯಾರೇಜು ತುಂಬುತ್ತದೆ, ಬಟ್ಟೆಗೆ ಅಂಟಿ ಮನೆಯೊಳಗೂ ಬರುತ್ತದೆ. ಮಕ್ಕಳಿರುವ ಮನೆಯಾದರೆ ಯೋಚನೆಯನ್ನೂ ಮಾಡಬೇಡಿ. ಪೇಂಟ್ ರಿಮೂವರ್ ಹಚ್ಚಿ, ಮೆತ್ತಗಾದ ಮೇಲೆ ಕೆರೆಯಿರಿ. ಉಳಿದದ್ದಕ್ಕೆ ನೀರು ಹಾಕಿಕೊಂಡೇ ವಾಟರ್ ಪೇಪರ್. ಕೈಗವಸು, ಸಣ್ಣ ಧೂಳು ತಡೆಯುವ ಮಾಸ್ಕ್ ಎರಡೂ ಇರಲಿ, ಕೆಳಗೆ ಪ್ಲಾಸ್ಟಿಕ್ ಹಾಸಿರಲಿ. ಬರಿ ಕಬ್ಬಿಣ ಕಂಡ ಮೇಲೆ ತಡ ಮಾಡದೆ ಅವತ್ತೇ ಪ್ರೈಮರ್ ಹೊಡೆಯಿರಿ, ಗಾಳಿಯಲ್ಲಿ ತೇವ ಇದ್ದರೆ ಬೆಳಗಾಗುವುದರೊಳಗೆ ತುಕ್ಕು ಶುರುವಾಗಿರುತ್ತದೆ.

ಪ್ರಶ್ನೆ: ರಸಾಯನ ಘಟಕದಲ್ಲಿದ್ದ ಭಾರಿ ಎರಕದ ದೀಪ ಸಿಕ್ಕಿದೆ, ದಪ್ಪ ಗಾಜು, ತಂತಿ ಬಲೆ, ಸ್ಫೋಟ ನಿರೋಧಕ ಅಂತ ತಗಡಿನ ಮೇಲೆ ಇದೆ. ಜೋಡಿಸುವ ಕಡೆಯೆಲ್ಲ ಚೆನ್ನಾಗಿ ಉಜ್ಜಿ ಪೇಂಟ್ ಮಾಡಿ, ನೀರು ಹೋಗದ ಹಾಗೆ ಸಿಲಿಕಾನ್ ಹಾಕಿದ್ದೇನೆ. ಪೇಂಟು, ಪೆಟ್ರೋಲ್ ಇಡುವ ಮೂಲೆಗೆ ಹಾಕಬಹುದಲ್ಲ?

ಉತ್ತರ: ಅಯ್ಯೋ, ಆ ದೀಪದ ಗುಟ್ಟು ಇದ್ದಿದ್ದೇ ನೀವು ಉಜ್ಜಿದ ಜಾಗದಲ್ಲಿ. ಅಂಥ ದೀಪ ಅನಿಲವನ್ನು ಒಳಗೆ ಬಿಡುವುದೇ ಇಲ್ಲ ಅಂತಲ್ಲ. ಒಳಗೆ ಹೊಕ್ಕ ಅನಿಲ ಅಲ್ಲೇ ಹೊತ್ತಿಕೊಂಡರೂ, ಬೆಂಕಿ ಲೋಹಕ್ಕೆ ಲೋಹ ಕೂರುವ ಆ ಅಗಲ ಅಂಚಿನ ಕೂದಲೆಳೆ ಸಂದಿಯಲ್ಲಿ ಹಾಯ್ದು ಬರುವಷ್ಟರಲ್ಲಿ ತಣ್ಣಗಾಗಬೇಕು, ಹೊರಗಿನದ್ದಕ್ಕೆ ಹತ್ತಿಕೊಳ್ಳಬಾರದು. ಆ ಅಂಚಿಗೆ ಪೇಂಟು, ಗೀರು, ಸಿಲಿಕಾನ್ ಯಾವುದೂ ಸಲ್ಲದು. ಈಗ ಅದು ನೋಡಲು ಗಟ್ಟಿಯಾದ ಮಾಮೂಲಿ ದೀಪ ಅಷ್ಟೇ. ಬಾಗಿಲ ಪಕ್ಕ ಹಾಕಿ, ಅದ್ಭುತವಾಗಿ ಕಾಣುತ್ತದೆ. ಪೆಟ್ರೋಲನ್ನು ದೀಪದಿಂದಲ್ಲ, ಗ್ಯಾರೇಜಿನಿಂದಲೇ ಆಚೆ ಇಡಿ. ಅದರ ಆವಿ ಗಾಳಿಗಿಂತ ಭಾರ, ನೆಲದಲ್ಲಿ ಹರಿದು ಎಲ್ಲೋ ದೂರದ ಕಿಡಿ ಹುಡುಕಿಕೊಂಡು ಹೋಗುತ್ತದೆ. ತಗಡಿನ ಮೇಲಿನ ಬರಹವನ್ನು ಏನು ಮಾಡುತ್ತೀರೋ ನೋಡಿ, ಮುಂದೆ ಯಾರಾದರೂ ನಂಬಿಬಿಟ್ಟಾರು.

ಪ್ರಶ್ನೆ: ಶೇಡಿಗೆ ಮೊದಲು 200 ವಾಟಿನ ಬಲ್ಬ್ ಇತ್ತು. ಈಗ ಎಷ್ಟು ವಾಟ್ ಎಲ್‌ಇಡಿ, ಯಾವ ಬಣ್ಣದ್ದು? ಕಾರಿನ ಬಾನೆಟ್ ಎತ್ತಿ ಕೆಲಸ ಮಾಡುವವನು ನಾನು.

ಉತ್ತರ: ವಾಟ್ ಮರೆತು ಲ್ಯೂಮೆನ್, ಅಂದರೆ ದೀಪ ಕೊಡುವ ಬೆಳಕಿನ ಅಳತೆ ನೋಡಿ. 200 ವಾಟಿನ ಹಳೆ ಬಲ್ಬ್ ಸುಮಾರು 3000 ಲ್ಯೂಮೆನ್ ಕೊಡುತ್ತಿತ್ತು, ಇವತ್ತು 30 ವಾಟಿನೊಳಗಿನ ಎಲ್‌ಇಡಿಗೆ ಅದು ಸಲೀಸು. ಬಿಸಿ ಅಷ್ಟು ಇಳಿಯುವುದರಿಂದ ಹಳೆ ಶೇಡೂ ನೆಮ್ಮದಿಯಾಗಿರುತ್ತದೆ. ಪೂರ್ತಿ ಮುಚ್ಚಿದ ಗಾಜಿನ ದೀಪವಾದರೆ ಮಾತ್ರ ಸಣ್ಣ ವಾಟಿನದ್ದು, ಮುಚ್ಚಿದ ದೀಪಕ್ಕೆ ಆಗುತ್ತದೆ ಅಂತ ಬರೆದಿರುವುದನ್ನು ತನ್ನಿ. ಎಲ್‌ಇಡಿ ಚಿಪ್ಪಿಗಿಂತ ಮೊದಲು ಬಿಸಿಗೆ ಸೋಲುವುದು ಅದರ ಬುಡದಲ್ಲಿರುವ ಡ್ರೈವರಿನ ಕೆಪಾಸಿಟರ್.

ಬಣ್ಣ 4000 ಕೆಲ್ವಿನ್ ಆಸುಪಾಸು ಇರಲಿ. 2700ರ ಹಳದಿ ಬೆಳಕು ಹಳೆ ದೀಪಕ್ಕೆ ಒಪ್ಪುತ್ತದೆ ನಿಜ, ಆದರೆ ಕಂದು ವೈರೂ ಕೆಂಪು ವೈರೂ ಒಂದೇ ಥರ ಕಾಣುತ್ತವೆ. ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಂಕ) 90 ಅಥವಾ ಮೇಲಿದ್ದರೆ ಇನ್ನೂ ಒಳ್ಳೆಯದು. ಕೆಲಸದ ಮೇಜಿನ ಮೇಲೆ 500 ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ಸಿಗುವ ಹಾಗೆ ನೋಡಿಕೊಳ್ಳಿ.

ಆದರೆ ನಿಮ್ಮ ನಿಜವಾದ ತೊಂದರೆ ಬಲ್ಬಿನದ್ದಲ್ಲ, ಜಾಗದ್ದು. ದೀಪ ಕಾರಿನ ನೆತ್ತಿ ಮೇಲಿದ್ದರೆ ಬಾನೆಟ್ ಎತ್ತಿದ ತಕ್ಷಣ ಅದೇ ಕೊಡೆಯ ಹಾಗೆ ಬೆಳಕಿಗೆ ಅಡ್ಡ ನಿಲ್ಲುತ್ತದೆ, ಇಂಜಿನ್ ಕತ್ತಲಲ್ಲಿ. ಎರಡು ಶೇಡುಗಳನ್ನು ಕಾರಿನ ಮೂತಿಗಿಂತ ಮುಂದೆ, ಎಡಕ್ಕೊಂದು ಬಲಕ್ಕೊಂದು ಇಳಿಬಿಡಿ. ನಿಮ್ಮ ತಲೆಯ ನೆರಳನ್ನು ಒಂದು ಮಾಡಿದರೆ ಇನ್ನೊಂದು ಅಳಿಸುತ್ತದೆ.

ಪ್ರಶ್ನೆ: ಕಾರ್ಖಾನೆಯ ಪಾದರಸದ ದೀಪ, ಹೊರಗಿನ ಗಾಜು ಒಡೆದಿದೆ, ಒಳಗಿನ ಪುಟ್ಟ ಕೊಳವೆ ಇನ್ನೂ ಉರಿಯುತ್ತದೆ. ಹಾಗೇ ಇರಲಾ?

ಉತ್ತರ: ಈಗಲೇ ಆರಿಸಿ. ಹೊರಗಿನ ಗಾಜು ಅಂದಕ್ಕಲ್ಲ, ಅತಿನೇರಳೆ ಕಿರಣ ತಡೆಯಲು ಇರುವುದು. ಅದಿಲ್ಲದೆ ಉರಿಸಿದರೆ ಕಣ್ಣೂ ಚರ್ಮವೂ ಸುಡುತ್ತವೆ, ಕೆಲವು ಗಂಟೆ ಕಳೆದ ಮೇಲೆ ಗೊತ್ತಾಗುತ್ತದೆ. ದೀಪದ ಮೈ ಇಟ್ಟುಕೊಳ್ಳಿ, ಚೋಕು ಬಲ್ಬು ಎರಡೂ ತೆಗೆದು ದೊಡ್ಡ ಬುಡದ ಎಲ್‌ಇಡಿಗೆ ನೇರ ವೈರ್ ಕೊಡಿ.

ಪ್ರಶ್ನೆ: ಹಾಲುಗಾಜಿನ ಗುಂಡು ದೀಪ, ಕುತ್ತಿಗೆಯಲ್ಲಿ ಮೂರು ಸ್ಕ್ರೂ. ಬೀಳಬಾರದು ಅಂತ ಇಕ್ಕಳ ಹಾಕಿ ಬಿಗಿ ಮಾಡಿದ್ದೆ. ಎರಡನೇ ದಿನ ರಾತ್ರಿ ತಾನಾಗಿಯೇ ಸೀಳಿತು. ಇನ್ನೊಂದು ಗುಂಡು ಉಳಿದಿದೆ, ಅದನ್ನಾದರೂ ಉಳಿಸಿಕೊಳ್ಳಬೇಕು.

ಉತ್ತರ: ಇಕ್ಕಳ ಒಳಗಿಡಿ. ಬಿಸಿಯಾದಾಗ ಲೋಹವೂ ಗಾಜೂ ಒಂದೇ ಅಳತೆಗೆ ಹಿಗ್ಗುವುದಿಲ್ಲ, ನಡುವೆ ಎಳ್ಳಷ್ಟು ಜಾಗ ಬೇಕು. ಆ ಗುಂಡನ್ನು ತೊಳೆಯುವಾಗ ತೊಟ್ಟಿಯ ತಳಕ್ಕೆ ಟವೆಲ್ ಹಾಸಿ, ಉಗುರು ಬೆಚ್ಚಗಿನ ನೀರು ಸಾಕು. ಕುತ್ತಿಗೆಯ ಸುತ್ತ ಉಗುರಾಡಿಸಿ ನೋಡಿ, ಕೂದಲಿನಂಥ ಸೀಳು ಸಿಕ್ಕರೆ ಅದನ್ನು ತಲೆ ಮೇಲೆ ತೂಗಬೇಡಿ. ಇಲ್ಲದಿದ್ದರೆ ಮೇಲಕ್ಕೆತ್ತಿ, ಒಂದು ಕೈ ಕೆಳಗೆ ಆಸರೆ ಕೊಟ್ಟುಕೊಂಡು, ಮೂರೂ ಸ್ಕ್ರೂಗಳನ್ನು ಬರೀ ಬೆರಳಲ್ಲಿ ಗಾಜು ಮುಟ್ಟುವವರೆಗೆ ಸರದಿಯಲ್ಲಿ ತಿರುಗಿಸಿ. ಮುಟ್ಟಿತಾ? ಈಗ ಒಂದೊಂದನ್ನೂ ಕಾಲು ಸುತ್ತು ಹಿಂದಕ್ಕೆ ಬಿಡಿ. ಮೆಲ್ಲಗೆ ತಿರುಗಿಸಿದರೆ ಗುಂಡು ಕಿರ್ ಅನ್ನದೆ ಅಲುಗಬೇಕು, ಆದರೆ ಸ್ಕ್ರೂಗಳ ತುದಿ ಕುತ್ತಿಗೆಯ ಅಂಚಿನ ಕೆಳಗೇ ಇರಬೇಕು. ಆಸರೆ ಕೊಟ್ಟ ಕೈ ಅದನ್ನು ನೋಡಿಕೊಂಡ ಮೇಲೇ ತೆಗೆಯಿರಿ.